ಬೇಗ ಬಂದವರಿಗೆ ನಿಯಮ ಇರಲಿಲ್ಲ

ಹೊಸ ವ್ಯವಸ್ಥೆ ಶುರುವಾಗಿ ಮೂರು ವಾರ ತುಂಬಿದ ಮೇಲಿನ ಸೋಮವಾರ, ಹನ್ನೊಂದೂವರೆಯ ಪಾಳಿಗೆ, ಏಳನೇ ಯಂತ್ರದ ಮುಂದೆ ಇಬ್ಬರು ರೋಗಿಗಳು ನಿಂತಿದ್ದರು. ಒಬ್ಬರು ನಾಲ್ಕು ವರ್ಷದಿಂದ ಅದೇ ಯಂತ್ರಕ್ಕೆ ಬರುತ್ತಿದ್ದ ಆರ್.ಟಿ. ನಗರದ ಸಾಹೇಬರು, ಹೊಲಿಗೆ ಯಂತ್ರ ರಿಪೇರಿ ಅವರ ಕಸುಬು. ಇನ್ನೊಬ್ಬರು ಮತ್ತಿಕೆರೆಯ ಶಾಲೆಯೊಂದರ ಟೀಚರ್. ನಮ್ಮಲ್ಲಿಗೆ ಬಂದದ್ದು ಅದೇ ಮೊದಲು. ಇಬ್ಬರ ಕಾಲೂ ಊದಿತ್ತು. ಟೀಚರ್ ತಮಗೆ ಬಂದ ಸಂದೇಶವನ್ನು ಮೊಬೈಲಿನಲ್ಲಿ ನಮ್ಮ ಹಿರಿಯ ಸಿಸ್ಟರ್‌ಗೆ ತೋರಿಸುತ್ತಿದ್ದರು. ಸೋಮ, ಬುಧ, ಶುಕ್ರ, ಎರಡನೇ ಪಾಳಿ, ಯಂತ್ರ ಏಳು. ಸಂದೇಶದಲ್ಲಿ ತಪ್ಪೇನೂ ಇರಲಿಲ್ಲ.

“ಇದು ನನ್ನ ಜಾಗ ಅಲ್ವಾ ಸಿಸ್ಟರ್?” ಎಂದರು ಸಾಹೇಬರು. ಜಗಳದ ದನಿಯಲ್ಲಲ್ಲ, ದಾರಿ ಕೇಳುವವರ ಹಾಗೆ.

ಸಾಹೇಬರನ್ನು ಚಾಚಾ ಎಂದೇ ಕರೆಯುವ ಸಿಸ್ಟರ್ ನನ್ನ ಕಡೆ ತಿರುಗಿದರು. “ಸಾರ್, ಸಿಸ್ಟಮ್‌ನಲ್ಲಿ ಚಾಚಾ ಹೆಸರೇ ಇಲ್ಲ. ಪೂರ್ತಿ ಹೋಗಿದೆ.”

ನಮ್ಮದು ಒಂದು ದತ್ತಿ ಸಂಸ್ಥೆ ನಡೆಸುವ ಡಯಾಲಿಸಿಸ್ ಕೇಂದ್ರ. ಹೆಬ್ಬಾಳದ ಹತ್ತಿರದ್ದು ದೊಡ್ಡದು, ಹನ್ನೆರಡು ಯಂತ್ರ, ಯಶವಂತಪುರದಲ್ಲಿ ಚಿಕ್ಕದೊಂದಿದೆ. ಕಿಡ್ನಿ ಕೈಕೊಟ್ಟವರು ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ, ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಎರಡು ಸಲ ತಪ್ಪಿದರೆ ಆ ನೀರು ಶ್ವಾಸಕೋಶಕ್ಕೆ ಏರುತ್ತದೆ. ದಿನಕ್ಕೆ ಮೂರು ಪಾಳಿ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಪಾಳಿಯ ನಡುವೆ ಯಂತ್ರ ತೊಳೆಯಬೇಕು, ನೀರಿನ ಘಟಕಕ್ಕೂ ಬಿಡುವು ಬೇಕು. ಆದ್ದರಿಂದ ಒಬ್ಬರಿಗೆ ಜಾಗ ಸಿಗಬೇಕಾದರೆ ಇನ್ನೊಬ್ಬರದು ಖಾಲಿಯಾಗಬೇಕು. ಕಾಯುವವರ ಪಟ್ಟಿ ಯಾವಾಗಲೂ ಉದ್ದವೇ. ಅಲ್ಲಿನ ಆಡಳಿತ ನೋಡಿಕೊಳ್ಳುತ್ತಿದ್ದವನು ನಾನು. ಅದಕ್ಕೆ ಮೊದಲು ಸಮವಸ್ತ್ರದ ನೌಕರಿಯಲ್ಲಿ ಉಗ್ರಾಣ ಕಾದವನು. ಆ ಅಭ್ಯಾಸದಿಂದ ಇಲ್ಲೂ ದಿನಾ ಆರಕ್ಕೆ ಮೊದಲೇ ಬಂದು ಗೇಟಿನ ಹತ್ತಿರ ನಿಂತಿರುತ್ತಿದ್ದೆ.

ಆ ವರ್ಷ ಸಂಸ್ಥೆಯವರು ಹಳೆಯ ಒಂದೇ ದೊಡ್ಡ ಸಾಫ್ಟ್‌ವೇರನ್ನು ತೆಗೆದು, ಕೆಲಸಕ್ಕೊಂದರಂತೆ ಸಣ್ಣ ಸಣ್ಣ ‘ಸರ್ವಿಸ್’ಗಳನ್ನು ತರಲು ತೀರ್ಮಾನಿಸಿದರು. ಬಾಗಿಲಲ್ಲಿ ಬೆರಳಚ್ಚು ಪಡೆದು ಹಾಜರಿ ಬರೆಯಲು ಒಂದು, ಪಾಳಿ ಹಂಚುವುದಕ್ಕೆ ಒಂದು, ಚಿಕಿತ್ಸೆಯ ದಾಖಲೆಗೆ ಒಂದು, ಉಗ್ರಾಣಕ್ಕೆ ಒಂದು, ರೋಗಿಗಳಿಗೆ ಸಂದೇಶ ಕಳಿಸಲು ಒಂದು. ಸರ್ಕಾರಿ ಕಚೇರಿಯ ಕಿಟಕಿಗಳಿದ್ದ ಹಾಗೆ. ಒಂದು ಕಿಟಕಿಯವರು ಇನ್ನೊಂದರ ಕಡತಕ್ಕೆ ಕೈ ಹಾಕುವಂತಿಲ್ಲ. ಏನು ಕೇಳಬಹುದು, ಏನು ಹೇಳಬೇಕು ಎಂಬುದು ಮೊದಲೇ ಬರೆದಿಟ್ಟ ಒಪ್ಪಂದದಲ್ಲಿ ಇರುತ್ತದೆ.

ಆ ಒಪ್ಪಂದಗಳಿಗೆ ಬೇಕಾದ ನಿಯಮಗಳನ್ನು ಬರೆದುಕೊಡುವ ಕೆಲಸ ನನ್ನದಾಗಿತ್ತು. ತಂತ್ರಜ್ಞಾನ ತಂಡದ ಮುಖ್ಯಸ್ಥೆ ಮೊದಲ ದಿನವೇ ಹೇಳಿದ್ದರು: “ಸರ್, ನಿಮ್ಮ ಕೆಲ್ಸ ಹೇಗ್ ನಡೀಬೇಕು ಅಂತ ನೀವ್ ಬರ್ಕೊಡಿ. ನಾವು ಅದನ್ನೇ ಸರ್ವಿಸ್ ಮಾಡ್ತೀವಿ. ನಮ್ಮ ತಲೆ ಓಡ್ಸಕ್ಕೆ ಹೋಗಲ್ಲ.” ನನಗೆ ಆ ಮಾತು ಬಹಳ ಹಿಡಿಸಿತ್ತು. ಎರಡು ತಿಂಗಳು ಕೂತು ನಲವತ್ತೊಂದು ಪುಟ ಬರೆದೆ. ಪುಟಪುಟಕ್ಕೂ ಸಹಿ ಹಾಕಿದೆ.

ಈಗ ಆ ಮುಖ್ಯಸ್ಥೆಗೆ ಫೋನ್ ಮಾಡಿದೆ. ಐದು ನಿಮಿಷ ಹುಡುಕಿ ಉತ್ತರ ಹೇಳಿದರು.

“ಸರ್, ಆ ಪೇಷೆಂಟ್ ಮೂರು ಸಲ ಆಬ್ಸೆಂಟ್. ಮೂರೂ ಶುಕ್ರವಾರ. ಮೂರಾದ್ಮೇಲೆ ಜಾಗ ಕ್ಯಾನ್ಸಲ್, ಪಟ್ಟೀಲಿ ಮೊದಲಿರೋರಿಗೆ ಅಲಾಟ್. ನೀವೇ ಕೊಟ್ಟ ರೂಲ್. ಸರ್ವಿಸ್ ಸರಿಯಾಗೇ ಕೆಲ್ಸ ಮಾಡಿದೆ.”

“ವಾಪಸ್ ಕೊಡಿ.”

“ವಾಪಸ್ ಕೊಡೋದು ಅಂತ ಆಪ್ಷನ್ನೇ ಇಲ್ಲ ಸರ್. ಅಲಾಟ್ ಒಂದೇ ಇರೋದು. ಈಗ ಅವ್ರನ್ನ ಸೇರ್ಸಿದ್ರೆ ಪಟ್ಟಿಯ ಕೊನೆಗೆ ಹೋಗ್ತಾರೆ. ಇಪ್ಪತ್ತಮೂರನೇ ನಂಬರ್.” ಅವರೇ ಮುಂದುವರಿಸಿದರು: “ಮತ್ತೆ, ಈಗ ಅಲ್ಲಿ ಬಂದಿದಾರಲ್ಲ, ಅವ್ರನ್ನ ಏನಂತ ಕಳಿಸ್ತೀರಾ?”

ಫೋನ್ ಇಟ್ಟು ಟೀಚರ್ ಕಡೆ ನೋಡಿದೆ. ಅವರ ಕುತ್ತಿಗೆಯಲ್ಲಿ ಡಯಾಲಿಸಿಸ್‌ಗೆಂದು ಹಾಕಿದ ತಾತ್ಕಾಲಿಕ ನಳಿಕೆ ಇತ್ತು. ಐದು ತಿಂಗಳಿಂದ ಊರಾಚೆಯ ಆಸ್ಪತ್ರೆಗೆ ಎರಡು ಬಸ್ ಬದಲಿಸಿ ಹೋಗಿಬರುತ್ತಿದ್ದರಂತೆ. ಇಲ್ಲಿ ಜಾಗ ಸಿಕ್ಕಿತೆಂದು ಅಲ್ಲಿಯದನ್ನು ಬಿಟ್ಟುಕೊಟ್ಟು ಬಂದಿದ್ದರು. ವಿಷಯ ತಿಳಿದು ಅವರು ಕುರ್ಚಿಯಿಂದ ಎದ್ದು ನಿಂತರು. “ಸಾರ್, ನಾನು ಯಾರ್ದೂ ಕಿತ್ಕೊಂಡಿಲ್ಲ” ಎಂದರು.

“ಕೂತ್ಕೊಳ್ಳಿ ಅಮ್ಮ, ನೀವು ಕೂತ್ಕೊಳ್ಳಿ,” ಎಂದವರು ಸಾಹೇಬರೇ.

ಟೀಚರ್ ಏಳನೇ ಯಂತ್ರಕ್ಕೆ ಕೂತರು. ತುರ್ತಿಗೆಂದು ಬೇರೆಯಾಗಿ ಇಟ್ಟ ಯಂತ್ರವೊಂದಿದೆ. ಯಾರನ್ನಾದರೂ ಆಂಬುಲೆನ್ಸಿನಲ್ಲಿ ತಂದರೆ ಬೇಕಾಗುತ್ತದೆಂದು ಅದನ್ನು ಖಾಲಿ ಬಿಟ್ಟಿರುತ್ತೇವೆ. ಅದಕ್ಕೆ ವೈದ್ಯರ ಸಹಿ ಬೇಕು. ನಾಲ್ಕು ಗಂಟೆಗೆ ಬಂದ ವೈದ್ಯರು ಸಾಹೇಬರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಇವತ್ತಿಗೆ ಅಲ್ಲಿ ಹಾಕಿ ಎಂದು ಸಹಿ ಮಾಡಿದರು. ನಾಲ್ಕೂವರೆಗೆ ಅವರನ್ನು ಆ ಯಂತ್ರಕ್ಕೆ ಹಾಕಿದೆವು. ಐದು ಗಂಟೆ ಅವರು ಕಾರಿಡಾರಿನ ಬೆಂಚಿನ ಮೇಲೆ ಕಾದಿದ್ದರು.

ಶುಕ್ರವಾರದ ಗುಟ್ಟು ನನಗೆ ಗೊತ್ತಾದದ್ದು ಮಂಗಳವಾರ. ಹೇಳಿದವರು ಸಿಸ್ಟರ್. ಹೇಳುವಾಗ ಅವರಿಗೆ ಅದು ಗುಟ್ಟೆಂದೇ ಅನಿಸಿರಲಿಲ್ಲ.

“ಶುಕ್ರವಾರ ಚಾಚಾಗೆ ಮಧ್ಯಾಹ್ನ ನಮಾಜ್ ಸಾರ್. ಅದಕ್ಕೆ ಗೌಡ್ರ ಜೊತೆ ಬದ್ಲಾಯಿಸ್ಕೋತಾರೆ. ಚಾಚಾ ಬೆಳಗ್ಗೆ ಆರಕ್ಕೆ, ಗೌಡ್ರು ಹನ್ನೊಂದೂವರೆಗೆ. ನಾಲ್ಕು ವರ್ಷದಿಂದ ಹಂಗೇ. ಬೋರ್ಡ್‌ನಲ್ಲಿ ಬಾಣ ಹಾಕ್ತೀನಲ್ಲ?”

ಒಳಗೆ ಹೋಗಿ ನೋಡಿದೆ. ಗೋಡೆಯ ಬಿಳಿ ಬೋರ್ಡಿನ ಮೇಲೆ ಶುಕ್ರವಾರದ ಸಾಲಿನಲ್ಲಿ ಎರಡು ಹೆಸರುಗಳ ನಡುವೆ ಒಂದು ಬಾಣ ಇತ್ತು. ಅಂಥ ಬಾಣಗಳು ಇನ್ನೂ ಎಷ್ಟೋ ಇದ್ದವು. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ. ನಿಯಮ ಬರೆಯುವಾಗ ಆ ಬೋರ್ಡನ್ನು ಅಳಿಸಿಹೋಗುವ ಚೀಟಿ ಎಂದುಕೊಂಡಿದ್ದೆನೇ ಹೊರತು ದಾಖಲೆ ಎಂದುಕೊಂಡಿರಲಿಲ್ಲ.

ಗೌಡರು ಅಲ್ಲಾಳಸಂದ್ರದ ಹಳೆಯ ಮನೆತನದವರು. ಸೋಮ, ಬುಧ, ಶುಕ್ರ ಮೊದಲ ಪಾಳಿ ಅವರದು, ಅದೇ ಏಳನೇ ಯಂತ್ರ. ಇಬ್ಬರೂ ಶುಕ್ರವಾರ ಅದಲುಬದಲು ಬಂದಿದ್ದರೂ ಗೌಡರ ಜಾಗಕ್ಕೆ ಏನೂ ಆಗಿರಲಿಲ್ಲ. ಸಾಹೇಬರದು ಮಾತ್ರ ಹೋಗಿತ್ತು. ಕಾರಣ ಹುಡುಕಲು ನನ್ನ ನಲವತ್ತೊಂದು ಪುಟಗಳನ್ನೇ ತೆಗೆದು ಕೂತೆ.

ತಡವಾಗಿ ಬರುವವರ ಬಗ್ಗೆ ಎರಡು ಪುಟ ಬರೆದಿದ್ದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಬೀಳಬಹುದು, ಮೈಯಲ್ಲಿ ಶಕ್ತಿ ಇಲ್ಲದೆ ತಡವಾಗಬಹುದು, ಕರೆತರುವವರು ಸಿಗದಿರಬಹುದು. ಆದ್ದರಿಂದ ಆರು ಗಂಟೆ ತಡವಾಗಿ ಬಂದರೂ ಗೈರುಹಾಜರಿ ಎಂದು ಬರೆಯಬಾರದು. ಗೌಡರು ಹನ್ನೊಂದೂವರೆಗೆ ಬೆರಳಿಟ್ಟದ್ದನ್ನು ಹಾಜರಿ ಸರ್ವಿಸ್ ಆರು ಗಂಟೆಯವರು ತಡವಾಗಿ ಬಂದರು ಎಂದು ತಿಳಿದು ಒಪ್ಪಿಕೊಂಡಿತ್ತು. ಬೇಗ ಬರುವವರ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ಬೇಗ ಬಂದವನಿಗೆ ನಿಯಮವೇಕೆ? ಅವನು ಕಾಯುತ್ತಾನೆ, ಅಷ್ಟೆ. ನನ್ನ ಇಡೀ ಆಯುಷ್ಯದಲ್ಲಿ ಬೇಗ ಬರುವುದು ಯಾರಿಗೂ ತೊಂದರೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಹನ್ನೊಂದೂವರೆಯ ಸಾಹೇಬರು ಆರು ಗಂಟೆಗೆ ಬೆರಳಿಟ್ಟರೆ ಹಾಜರಿಯ ಯಂತ್ರ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತಿತ್ತು. ಸಿಸ್ಟರ್, “ಅದ್ಯಾಕೋ ಹಿಂಗೆ ಮಾಡ್ತಿದೆ, ನೀವ್ ಬನ್ನಿ ಚಾಚಾ” ಎಂದು ಒಳಗೆ ಕರೆದು ಕೂರಿಸುತ್ತಿದ್ದರು.

ಮೂರೂ ಶುಕ್ರವಾರ ಅವರಿಗೆ ಡಯಾಲಿಸಿಸ್ ಆಗಿತ್ತು. ಎಷ್ಟು ತೂಕ ಇಳಿಯಿತು, ರಕ್ತದೊತ್ತಡ ಎಷ್ಟು, ಎಲ್ಲವೂ ಚಿಕಿತ್ಸಾ ದಾಖಲೆಯ ಸರ್ವಿಸ್‌ನಲ್ಲಿ ಇತ್ತು. ಮಗ್ಗುಲಿನ ಹಾಜರಿ ಸರ್ವಿಸ್‌ನಲ್ಲಿ ಅದೇ ದಿನ ಅದೇ ಮನುಷ್ಯ ಬಂದಿಲ್ಲ ಎಂದಿತ್ತು. ಎರಡೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತಿದ್ದವು. ಒಂದನ್ನೊಂದು ಕೇಳಬೇಕೆಂದು ಒಪ್ಪಂದದಲ್ಲಿ ಇರಲಿಲ್ಲ, ಏಕೆಂದರೆ ನಾನು ಬರೆದಿರಲಿಲ್ಲ. ಗೈರುಹಾಜರಿಯ ವರದಿ ದಿನವೂ ನನ್ನ ಮೇಜಿಗೆ ಬರುತ್ತಿತ್ತು. ಅದರಲ್ಲಿ ಹೆಸರಿನ ಬದಲು ಸಂಖ್ಯೆ. ನಾನು ಸಂಖ್ಯೆಯ ಪಕ್ಕ ಸಹಿ ಹಾಕುತ್ತಿದ್ದೆ.

ಎಚ್ಚರಿಕೆಯ ಸಂದೇಶಗಳೂ ಹೋಗಿದ್ದವು. ಸಾಹೇಬರನ್ನು ಕೇಳಿದಾಗ ಮೊಬೈಲ್ ತೆಗೆದು ತೋರಿಸಿದರು. ಇಂಗ್ಲಿಷಿನಲ್ಲಿದ್ದವು. “ಬ್ಯಾಂಕಿಂದು ಅಂದ್ಕೊಂಡೆ ಸಾಬ್. ದಿನಾ ಹತ್ತು ಬರ್ತವೆ.”

ಆ ಮಧ್ಯಾಹ್ನ ವೈದ್ಯರು, ತಂತ್ರಜ್ಞಾನದ ಮುಖ್ಯಸ್ಥೆ, ನಾನು ಮೂವರೂ ಕೂತೆವು. ರದ್ದತಿಯೇ ತಪ್ಪು ಎಂದು ಬರೆದು ಮೂವರೂ ಸಹಿ ಹಾಕಿದೆವು. ಸಾಹೇಬರ ಹೆಸರು ಕಾಯುವವರ ಪಟ್ಟಿಯ ತಲೆಗೆ ಬಂತು. ಆದರೆ ಪಟ್ಟಿಯ ತಲೆ ಕುರ್ಚಿಯಲ್ಲ. ಹೊಸ ನಿಯಮ ಸೇರಿಸಿ, ಪರೀಕ್ಷಿಸಿ, ಬಿಡುಗಡೆ ಮಾಡಲು ಮೂರು ವಾರ ಬೇಕು ಎಂದರು ಮುಖ್ಯಸ್ಥೆ.

“ಒಂದು ಸಾಲಿನ ಬದಲಾವಣೆಗೆ ಮೂರು ವಾರವೇ?”

“ಸರ್, ಮೊನ್ನೆನೂ ಒಂದು ಸಾಲು ಬಿಟ್ಟೋಗಿದ್ದಕ್ಕೇ ಅಲ್ವಾ ಹೀಗಾಗಿದ್ದು?” ಎಂದರು ಅವರು. ಕುಹಕವಿರಲಿಲ್ಲ. ಆದ್ದರಿಂದಲೇ ಚುಚ್ಚಿತು.

ತುರ್ತು ಯಂತ್ರಕ್ಕೆ ಇನ್ನು ಮುಂದೆ ವಾರಕ್ಕೆ ಒಂದೇ ಸಹಿ, ಅದೂ ಶನಿವಾರ ಎಂದರು ವೈದ್ಯರು. ಅದು ಯಾರದೋ ಕೊನೆಯ ಉಸಿರಿಗೆ ಇಟ್ಟ ಯಂತ್ರ. ಅವರು ಹೇಳಿದ್ದು ಸರಿ. ಸೋಮವಾರದಿಂದ ಶನಿವಾರದವರೆಗೆ ಸಾಹೇಬರು ಏನು ಮಾಡಬೇಕು? ಸುತ್ತಲಿನ ಆರು ಕೇಂದ್ರಗಳಿಗೆ ಫೋನ್ ಮಾಡಿದೆ. ಎಲ್ಲ ಕಡೆಯೂ ನಮ್ಮಲ್ಲಿ ಹೇಳುವ ಮಾತನ್ನೇ ಹೇಳಿದರು: ಹೆಸರು ಕೊಡಿ, ಪಟ್ಟಿಗೆ ಸೇರಿಸುತ್ತೇವೆ.

ಬುಧವಾರ ಬೆಳಗ್ಗೆ ಗೌಡರು ಯಂತ್ರಕ್ಕೆ ಕೂರಲು ಒಪ್ಪಲಿಲ್ಲ. ಚಪ್ಪಲಿಯನ್ನೂ ಬಿಡದೆ ನನ್ನ ಕೊಠಡಿಯ ಬಾಗಿಲಲ್ಲಿ ನಿಂತರು. ಅವರ ಹಿಂದೆ ಸಾಹೇಬರು. ಗೌಡರೇ ಫೋನ್ ಮಾಡಿ ಕರೆಸಿದ್ದರು.

“ನಾನ್ ಏಳೋದ್ ಕೇಳಿ ಸಾ. ಬುಧವಾರದ್ದು ಸಾಬ್ರಿಗೆ ಬುಟ್ಬುಡ್ತೀನಿ. ನಂಗೆ ಸೋಮವಾರ, ಶುಕ್ರವಾರ ಎಲ್ಡೇ ಸಾಕು.”

“ಹಾಗೆಲ್ಲ ನಾವೇ ತೀರ್ಮಾನ ಮಾಡೋಕಾಗಲ್ಲ ಗೌಡರೇ.”

“ಡಾಕ್ಟ್ರುನ್ನ ಕೇಳಿ ಮತ್ತೆ. ನಂಗಿನ್ನೂ ಉಚ್ಚೆ ಒಯ್ತದೆ. ಸಾಬ್ರಿಗೆ ಅದೂ ಇಲ್ಲ.”

“ಊರಿಗೆಲ್ಲ ಡಂಗುರ ಹೊಡೀರಿ ಗೌಡ್ರೆ,” ಎಂದರು ಹಿಂದಿನಿಂದ ಸಾಹೇಬರು.

“ನಾಕ್ ವರ್ಸ ನನ್ ಕುರ್ಚಿ ಬಿಸಿ ಮಾಡ್ಕೊಟ್ಟಿದೀರಿ. ಸುಮ್ಕಿರಿ ಅತ್ಲಾಗೆ.”

ವೈದ್ಯರು ಗೌಡರ ರಕ್ತಪರೀಕ್ಷೆಯ ಚೀಟಿಗಳನ್ನು ತಿರುವಿಹಾಕಿದರು. ಮೂರು ವಾರದ ಮಟ್ಟಿಗೆ ಆಗಬಹುದು, ನೀರು ಕುಡಿಯುವುದನ್ನು ಅರ್ಧ ಮಾಡಬೇಕು, ಪ್ರತಿ ಸೋಮವಾರ ಪರೀಕ್ಷೆ ಮಾಡಿಸಬೇಕು ಎಂದರು. ಅಲ್ಲಿಗೆ ವೈದ್ಯಕೀಯ ತೊಡಕು ಮುಗಿಯಿತು. ಉಳಿದದ್ದು ನನ್ನದು. ಗೌಡರು ಮೂರು ಬುಧವಾರ ಯಂತ್ರಕ್ಕೆ ಕೂರದಿದ್ದರೆ ಮೂರು ಗೈರುಹಾಜರಿ. ಹೊಸ ನಿಯಮ ಬರುವಷ್ಟರಲ್ಲಿ ಅವರ ಜಾಗವೂ ರದ್ದಾಗಿ, ಸಂದೇಶ ಇನ್ಯಾರಿಗೋ ಹೋಗಿರುತ್ತದೆ. ಆ ಎಣಿಕೆಯನ್ನಾದರೂ ಸದ್ಯಕ್ಕೆ ನಿಲ್ಲಿಸಿ ಎಂದು ಮುಖ್ಯಸ್ಥೆಯನ್ನು ಕೇಳಿದೆ. ಅದನ್ನು ನಿಲ್ಲಿಸಿದರೆ ಎರಡೂ ಕೇಂದ್ರದ ಎಲ್ಲರಿಗೂ ನಿಲ್ಲುತ್ತದೆ, ಬಿಟ್ಟುಹೋದವರ ಜಾಗ ಕೂಡ ಖಾಲಿಯಾಗದೆ ಉಳಿಯುತ್ತದೆ, ಆಗ ಸಾಹೇಬರಿಗೇ ಕಾಯುವುದು ಹೆಚ್ಚಾಗುತ್ತದೆ ಎಂದರು. ಅದೂ ಸರಿಯೇ. ಆ ವಾರ ನನ್ನ ಜೊತೆ ಮಾತಾಡಿದವರೆಲ್ಲ ಸರಿಯಾದದ್ದನ್ನೇ ಹೇಳಿದರು.

ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಕೂತೆ. ಲೆಕ್ಕಕ್ಕೆ ಸಿಗದ ಒಂದು ಮೊಳೆಯನ್ನೂ ಇದೆ ಎಂದು ಬರೆದವನಲ್ಲ ನಾನು. ಹೊರಗೆ ಬಂದು ಗೌಡರಿಗೆ ಹೇಳಿದೆ: “ಬುಧವಾರ ಬೆಳಗ್ಗೆ ನೀವು ಬರಲೇಬೇಕು. ಬಂದು ಬೆರಳಿಟ್ಟು ಹೋಗಿ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಕೂರಂಗಿಲ್ಲ, ಬೆಳ್ಳಿಕ್ಕಕ್ಕೆ ಬರ್ಬೇಕಾ?”

“ಹೌದು.”

“ಸುಳ್ ಆಜ್ರಿ.”

“ಹೌದು.”

“ನೀವ್ ಏಳ್ತಾ ಇದೀರಾ ಇದ್ನ?” ಎಂದು ಗೌಡರು ಗಟ್ಟಿಯಾಗಿ ನಕ್ಕುಬಿಟ್ಟರು. ಸಿಸ್ಟರ್ ಕೂಡ ನಗು ಅಡಗಿಸಲು ಮುಖ ತಿರುಗಿಸಿಕೊಂಡರು. ನನಗೆ ನಗು ಬರಲಿಲ್ಲ.

ಒಂದು ಹೊಸ ನೋಟ್‌ಬುಕ್ ತರಿಸಿ, ಯಾವ ದಿನ, ಎಷ್ಟು ಗಂಟೆಗೆ, ಯಾರ ಬೆರಳು, ಆ ಯಂತ್ರದಲ್ಲಿ ನಿಜವಾಗಿ ಕೂತವರು ಯಾರು, ಯಾರ ಅಪ್ಪಣೆ ಎಂದು ಗೆರೆ ಹೊಡೆದೆ. ಅಪ್ಪಣೆಯ ಕೆಳಗೆ ನನ್ನ ಹೆಸರು ಬರೆದೆ. ಚಿಕಿತ್ಸೆಯ ದಾಖಲೆಯಲ್ಲಿ ಸಾಹೇಬರ ಹೆಸರೇ ಇರಬೇಕು, ಅದರಲ್ಲಿ ಒಂದಕ್ಷರ ಸುಳ್ಳು ಕೂಡದು ಎಂದು ಸಿಸ್ಟರ್‌ಗೆ ಕಟ್ಟಪ್ಪಣೆ ಮಾಡಿದೆ.

ಹೀಗೆ ಆ ಮನುಷ್ಯ ಇನ್ನೆರಡು ಬುಧವಾರವೂ ಅಲ್ಲಾಳಸಂದ್ರದಿಂದ ಮೊದಲ ಬಸ್ಸಿಗೆ ಬಂದು, ಬೆರಳಿಟ್ಟು, ಹಸಿರು ದೀಪ ನೋಡಿ, ಸಾಹೇಬರಿಗೆ ಸೂಜಿ ಚುಚ್ಚುವವರೆಗೆ ಪಕ್ಕದಲ್ಲಿ ಕೂತು ಹೋಗುತ್ತಿದ್ದರು. ಕೋಟ್ಯಂತರ ಸಂದೇಶ ರವಾನಿಸಬಲ್ಲ ವ್ಯವಸ್ಥೆ ಎಂದು ನಮಗೆ ಹೇಳಿದ್ದರು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತಿದ್ದಾರೆ ಎಂಬುದನ್ನು ಅದಕ್ಕೆ ತಿಳಿಸುವ ದಾರಿ ನಮಗಿರಲಿಲ್ಲ.

ವಾರಕ್ಕೆ ಎರಡು ಸಲ ಸಾಹೇಬರಿಗೆ ಸಾಲಲಿಲ್ಲ. ಎರಡನೇ ವಾರದ ಶುಕ್ರವಾರ ರಾತ್ರಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಅಲ್ಲಿ ಎರಡು ದಿನ ಆಮ್ಲಜನಕದಲ್ಲಿ ಇಟ್ಟು, ಶ್ವಾಸಕೋಶದ ನೀರು ಇಳಿಸಿ ಕಳಿಸಿದರು. ನೋಡಲು ಹೋದಾಗ ಅವರ ಹೆಂಡತಿ ಹಾಸಿಗೆಯ ಪಕ್ಕ ನಿಂತಿದ್ದರು. ನಾನು ಯಾರೆಂದು ಸಾಹೇಬರು ಹೇಳಿದ ಮೇಲೆ, ಆಕೆ ಕೈಮುಗಿದು, “ನೀವು ಇದ್ದಿದ್ದಕ್ಕೆ ಇವ್ರು ಉಳಿದ್ರು” ಎಂದರು. ಆ ನಿಯಮ ನನ್ನದೆಂದು ಅಲ್ಲಿಯೇ ಹೇಳಬೇಕಿತ್ತು. ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ಬುಧವಾರ ಆರಕ್ಕೆ ಬನ್ನಿ ಎಂದಷ್ಟೇ ಹೇಳಿ ಹೊರಟುಬಂದೆ.

ಆ ಮೂರು ವಾರವೂ ಮಧ್ಯಾಹ್ನ ಒಂದು ಗಂಟೆ ಬಿಳಿ ಬೋರ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಸಿಸ್ಟರ್ ಒಂದೊಂದೇ ಬಾಣದ ಅರ್ಥ ಹೇಳಿದರು. ಮಗಳ ಪರೀಕ್ಷೆಯ ದಿನ ಒಬ್ಬರು, ಶನಿವಾರದ ಉಪವಾಸಕ್ಕೆ ಒಬ್ಬರು, ಸಂತೆಯಿಂದ ತರಕಾರಿ ತರುವ ದಿನ ಒಬ್ಬರು. ಒಬ್ಬಾಕೆ ಗಂಡನ ಕಣ್ಣಿಗೆ ಬೀಳದಂತೆ ತಾಯಿಯ ಮನೆಗೆ ಹೋಗಿಬರಲು ಪಾಳಿ ಬದಲಿಸಿಕೊಳ್ಳುತ್ತಿದ್ದರು. ಯಾವುದಕ್ಕೂ ಯಾರ ಅಪ್ಪಣೆಯೂ ಇರಲಿಲ್ಲ, ಒಂದು ದಿನವೂ ಯಂತ್ರ ಖಾಲಿ ಹೋಗಿರಲಿಲ್ಲ. ನಾನು ನಲವತ್ತೊಂದು ಪುಟದಲ್ಲಿ ಬರೆದದ್ದು ಕೆಲಸ ಹೇಗೆ ನಡೆಯಬೇಕು ಎಂಬುದನ್ನು. ಹೇಗೆ ನಡೆಯುತ್ತಿದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಹೇಳಿದ ದಿನಕ್ಕೆ ಸರಿಯಾಗಿ ಬದಲಾವಣೆ ಬಿಡುಗಡೆಯಾಯಿತು. ಗೈರುಹಾಜರಿ ಬರೆಯುವ ಮೊದಲು ಹಾಜರಿ ಸರ್ವಿಸ್ ಚಿಕಿತ್ಸೆಯ ದಾಖಲೆಯನ್ನು ಕೇಳುತ್ತದೆ. ಇಬ್ಬರು ರೋಗಿಗಳು ಬೆರಳಿಟ್ಟು ಪಾಳಿ ಬದಲಿಸಿಕೊಳ್ಳಬಹುದು. ರದ್ದು ಮಾಡುವ ಮುಂಚೆ ಸಿಸ್ಟರ್‌ಗೆ ಹೆಸರು ಹಿಡಿದು ತೋರಿಸುತ್ತದೆ. ಸಂದೇಶ ಕನ್ನಡದಲ್ಲೂ ಉರ್ದುವಿನಲ್ಲೂ ಹೋಗುತ್ತದೆ. ಮುಖ್ಯಸ್ಥೆ ತಾವೇ ಬಂದು ಎಲ್ಲರಿಗೂ ತೋರಿಸಿಕೊಟ್ಟರು. ಚೆನ್ನಾಗಿತ್ತು.

ಅದೇ ವಾರ ಯಶವಂತಪುರದ ಕೇಂದ್ರದಲ್ಲಿ ಒಬ್ಬರು ಊರಿಗೆ ಹೊರಟುಹೋದದ್ದರಿಂದ ಒಂದು ಜಾಗ ಖಾಲಿಯಾಯಿತು. ಮಂಗಳ, ಗುರು, ಶನಿ; ಎರಡನೇ ಪಾಳಿ. ಪಟ್ಟಿಯ ತಲೆಯಲ್ಲಿದ್ದ ಸಾಹೇಬರಿಗೆ ಅದು ಹೋಯಿತು. ಶುಕ್ರವಾರದ ತಕರಾರೇ ಅಲ್ಲಿಲ್ಲ. ಬದಲಿಸಿಕೊಳ್ಳುವ ಸೌಲಭ್ಯ ಯಾರಿಗಾಗಿ ಹುಟ್ಟಿತೋ ಅವರಿಗೇ ಅದು ಬೇಡವಾಯಿತು. ಮೊದಲು ಮನೆಯಿಂದ ನಡೆದು ಬರುತ್ತಿದ್ದವರು ಈಗ ಎರಡು ಬಸ್ ಹತ್ತಬೇಕಾಯಿತು. ಗೌಡರಿಗೆ ಅವರ ಬುಧವಾರ ಮರಳಿತು. “ಸಾಬ್ರಿಲ್ದೆ ಬೇಜಾರು ಕಣಮ್ಮ” ಎಂದು ಸಿಸ್ಟರ್ ಬಳಿ ಹೇಳಿದರಂತೆ.

ಮುಂದಿನ ಮಂಗಳವಾರ ತಪಾಸಣೆಯ ನೆಪದಲ್ಲಿ ಯಶವಂತಪುರಕ್ಕೆ ಹೋದೆ. ಸಾಹೇಬರು ಕಿಟಕಿಯ ಪಕ್ಕದ ಯಂತ್ರದಲ್ಲಿದ್ದರು. ತುಂಬ ಇಳಿದುಹೋಗಿದ್ದರು. ಪಕ್ಕದ ಸ್ಟೂಲಿನ ಮೇಲೆ ಕೂತೆ.

“ಕಂಪ್ಯೂಟರ್ ಸರಿ ಆಯ್ತಂತೆ ಸಾಬ್? ಗೌಡ್ರು ಫೋನ್ ಮಾಡಿದ್ರು,” ಎಂದು ಅವರೇ ಮಾತು ತೆಗೆದರು. “ಮಷೀನ್ ಮೇಲೆ ಕೋಪ ಮಾಡ್ಕೊಂಡು ಏನ್ ಬರುತ್ತೆ. ನಾನು ನಲವತ್ತು ವರ್ಷ ಮಷೀನ್ ಬಿಚ್ಚಿದೀನಿ. ಕಟ್ಟಿದ ಹಾಗೆ ಓಡುತ್ತೆ ಅದು.”

“ಕಂಪ್ಯೂಟರ್ ಕೆಟ್ಟಿರಲಿಲ್ಲ ಸಾಹೇಬರೇ,” ಎಂದೆ. “ಆ ನಿಯಮ ಬರೆದವನು ನಾನು. ತಡವಾಗಿ ಬಂದವರನ್ನು ಕ್ಷಮಿಸು ಅಂತ ಬರೆದೆ. ಬೇಗ ಬಂದವರ ವಿಷಯ ಬರೆಯಲಿಲ್ಲ. ನಿಮ್ಮ ಜಾಗ ಹೋದದ್ದು ಅದಕ್ಕೆ.”

ಅವರು ನನ್ನನ್ನೇ ನೋಡಿದರು. ಪರವಾಗಿಲ್ಲ ಎನ್ನಲಿಲ್ಲ.

“ಮೂರು ಶುಕ್ರವಾರನೂ ನಾನು ಬಂದೇ ಇಲ್ಲ ಅಂತ ಬರೆದಿತ್ತಾ ಅದರಲ್ಲಿ?”

“ಹೌದು.”

“ನೀವು ಅದಕ್ಕೆ ಸೈನ್ ಹಾಕಿದ್ರಾ?”

“ಹೌದು.”

ಅವರು ಸೂಜಿಯಿಲ್ಲದ ಕೈಯ ಬೆರಳು ಮಡಿಸಿ ಮೂರು ಎಣಿಸಿದರು. ಆಮೇಲೆ ಕೇಳಿದರು: “ನಾನು ಬೆಳಗ್ಗೆ ಬರುವಾಗ ನೀವು ಗೇಟ್ ಹತ್ರನೇ ನಿಂತಿರ್ತಿದ್ರಲ್ಲ ಸಾಬ್? ಮೂರು ಶುಕ್ರವಾರನೂ ನಿಮಗೆ ಸಲಾಂ ಹೇಳೇ ಒಳಗೆ ಹೋದೆ.”

ನಿಂತಿದ್ದೆ. ಆರಕ್ಕೆ ಇಪ್ಪತ್ತು ನಿಮಿಷ ಮುಂಚೆ, ಮೂರು ಶುಕ್ರವಾರವೂ. ಅವರ ಸಲಾಮಿಗೆ ಪ್ರತಿಯಾಗಿ ಕೈಯೆತ್ತಿಯೂ ಇದ್ದೆ.